ನಾಲ್ಕಾಣೆ

ಸ್ನೇರ್ ಡ್ರಮ್ಮಿನ ಮೇಲೆ, ಅಂಚಿನಿಂದ ಎರಡು ಬೆರಳು ಒಳಗೆ,
ಕೈತಾನ್ ಮಾಸ್ತರು ಒಂದು ನಾಲ್ಕಾಣೆ ಅಂಟಿಸಿದ್ದರು.
ಸಿಂಹಗಳು ಸವೆದು ಬೆಕ್ಕುಗಳಾಗಿದ್ದವು.
ಯಾಕೆ ಮಾಸ್ತರೇ ಅಂದರೆ,
ಇದಕ್ಕೆ ಮಾತು ಜಾಸ್ತಿ ಬಾಯೆ,
ಸುಮ್ಮನಿರಲು ಲಂಚ ಕೊಟ್ಟಿದ್ದೇನೆ.

ಪೂರ್ತಿ ಸುಮ್ಮನಾಗಿರಲಿಲ್ಲ. ಪ್ರತಿ ಪೆಟ್ಟಿನ ಬಾಲದಲ್ಲಿ
ಸಣ್ಣಗೆ ಒಂದು ಕಿಣಿ.

ಧೋಬಿ ತಲಾವಿನ ಕೂಡು, ಮೂರನೇ ಮಾಳಿಗೆ:
ಅವರ ಊರಿನ ನಲವತ್ತು ಗಂಡಸರು, ನಲವತ್ತು ಟ್ರಂಕು,
ಒಂದು ಶಿಲುಬೆ, ಒಂದು ಕನ್ನಡಿ.
ಹೆಣ್ಣುಮಕ್ಕಳು ಹೊಸಿಲು ದಾಟುವ ಹಾಗಿಲ್ಲ.
ನನ್ನ ಪಾಠ ಮೆಟ್ಟಿಲ ತಿರುವಿನಲ್ಲಿ, ತೊಡೆಯ ಮೇಲೆ ದಿಂಬು.
ಹಡಗಿನ ಕರೆಗೆ ಕಾಯುತ್ತ ಒಳಗೆ ಮಲಗಿದವರು
ಏಳಬಾರದು.
ಡ್ರಮ್ಮು ಕೋಲನ್ನು ತಾನೇ ಎತ್ತಿ ಕೊಡುತ್ತದೆ, ಮುಖಸ್ತುತಿ ಅದರ ಗುಣ.
ದಿಂಬು ಕೊಡುವುದಿಲ್ಲ. ಬಿದ್ದದ್ದನ್ನು ನೀನೇ ಎತ್ತು.
ಏಕ್, ದೋನ್, ಮೂರನೆಯದಕ್ಕೆ ಅವಸರ ಯಾಕೆ,
ಅದೇನು ನಿನ್ನ ಮಾವನ ಮನೆಯೇ?
ಫೀಸು ತಿಂಗಳಿಗೆ ಮೂವತ್ತು ಕಾಪಿ,
ಮೆಟ್ರೊ ಟಾಕೀಸಿನ ಹಿಂದಿನ ಹೋಟೆಲಿನಲ್ಲಿ
ಗಲ್ಲೆಗೆ ಕೂರುವ ನನ್ನಪ್ಪನ ಲೆಕ್ಕಕ್ಕೆ.

ಹನ್ನೊಂದು ವರ್ಷ ಚರ್ಚ್‌ಗೇಟಿನಲ್ಲಿ
ಕುಣಿಯುವವರ ಕಾಲು ನೋಡಿ ಬಾರಿಸಿದರಂತೆ.
ಮುಖ ಒಂದೂ ನೆನಪಿಲ್ಲ, ಬೂಟುಗಳು ನೆನಪಿವೆ.
ಆಮೇಲೆ ತಾರ್‌ದೇವಿನ ಸ್ಟುಡಿಯೊ. ಅರವತ್ತು ಪಿಟೀಲು ಮುಂದೆ,
ಇವರು ಹಿಂದೆ, ಹಲಗೆಯ ಗೂಡಿನಲ್ಲಿ ಒಬ್ಬರೇ.
ಹದಿನಾಲ್ಕನೇ ಟೇಕು ಓಕೆ.
ರೆಕಾರ್ಡಿನ ರಟ್ಟಿನ ಮೇಲೆ ನಾಯಕಿಯ ಮೂಗುತಿಗೂ ಜಾಗವಿತ್ತು,
ಇವರ ಹೆಸರಿಗೆ ಇರಲಿಲ್ಲ.
ಮದುವೆ ಮನೆಯಲ್ಲಿ ಆ ಹಾಡು ಬಂದರೆ ಮಾತ್ರ
ತುತ್ತು ನಿಲ್ಲಿಸಿ, ಬೆರಳೆತ್ತಿ,
ಈಗ ಬರುತ್ತೆ ನೋಡು, ಅನ್ನುವರು.
ಬಂದು ಹೋದ ಮೇಲೆ ಉಣ್ಣುವರು.

ಎಂಬತ್ತಾರರಲ್ಲಿ ಜಪಾನಿನ ಪೆಟ್ಟಿಗೆ ಬಂತು,
ಪಂಚಾಂಗದಷ್ಟು ದಪ್ಪ.
ಹಾಡು ಬೇಡ ಮಾಸ್ತರೇ, ಒಂದೊಂದೇ ಪೆಟ್ಟು ಕೊಡಿ ಸಾಕು,
ಅಂದ ಗಾಜಿನಾಚೆಯ ಹುಡುಗ.
ಸ್ಟ್ಯಾಂಡು ಹೊತ್ತು ಹೋಗಿದ್ದೆ ನಾನು.
ಕೊಟ್ಟರು. ಒಂದು ಹೊಡೆದು
ಅದು ಪೂರಾ ಸಾಯುವ ತನಕ ಉಸಿರು ಹಿಡಿದು
ಇನ್ನೊಂದು.
ಒಟ್ಟು ನಲವತ್ತೊಂದು. ಹಿಂದೆ ಮುಂದೆ ಯಾರೂ ಇಲ್ಲದ ಪೆಟ್ಟುಗಳು,
ಅನಾಥಾಲಯದ ಮಕ್ಕಳ ಹಾಗೆ ಸಾಲಾಗಿ ನಿಂತವು.
ಒಂದು ಶಿಫ್ಟಿನ ಕೂಲಿ. ರೆವೆನ್ಯೂ ಸ್ಟ್ಯಾಂಪಿನ ಮೇಲೆ ಸಹಿ.
ಮತ್ತೆ ಅವರನ್ನು ಯಾರೂ ಕರೆಯಲಿಲ್ಲ. ಕರೆಯುವುದೇನು,
ಅಲ್ಲೇ ಇದ್ದರಲ್ಲ.

ವರ್ಷದ ಮೇಲೆ, ಮರೀನ್ ಲೈನ್ಸ್ ಸೇತುವೆಯ ಕೆಳಗಿನ
ಕ್ಯಾಸೆಟ್ ಅಂಗಡಿ. ಸೋಪಿನ ಜಾಹೀರಾತೋ, ಸಿನಿಮಾವೋ,
ನಡುವೆ ಆ ಕಿಣಿ.
ನಾಲ್ಕಕ್ಕೆ ನಾಲ್ಕೂ ಒಂದೇ ಸಮ, ಒಂದಕ್ಕೂ ಬೆವರಿಲ್ಲ.
ನಾನು ಅವರ ಮುಖ ನೋಡಲಿಲ್ಲ.
ಮಾಸ್ತರು ತಲೆ ಓರೆ ಮಾಡಿ ಕೇಳಿ,
ಹದಿನೇಳನೆಯದು, ಅಂದರು,
ಊಟಕ್ಕೆ ಮುಂಚಿನದು. ಹಸಿವಾಗಿತ್ತು.

ಊರಿಗೆ ಹೋದರು. ದಿವಾಡಿಗೆ ಫೆರ್ರಿ ಹಿಡಿದು ಹೋದೆ ಒಮ್ಮೆ.
ಇಗರ್ಜಿಯ ಅಂಗಳದಲ್ಲಿ ಆರು ಮಕ್ಕಳು, ಆರು ಘುಮಟ.
ಉಡದ ಚರ್ಮಕ್ಕೆ ಸರಕಾರದ ಅಡ್ಡಿ, ಈಗ ಆಡಿನದು;
ಆಡು ಸ್ವಲ್ಪ ಬೇಗ ಮಾತಾಡುತ್ತೆ, ಅಂತ ದೂರು.
ಕೈ ನಡುಗುತ್ತಿತ್ತು.
ಮಡಕೆಯ ಬಾಯಿಗೆ ಅಂಗೈ ಇಟ್ಟು ಆ ನಡುಕವನ್ನೇ
ಒಳಗೆ ಬಿಟ್ಟರು, ಗುಂಗುಂ ಅಂತು.
ಒಂದು ಮಗು ನಕ್ಕಿತು. ಇವರೂ.
ಹೊರಡುವಾಗ ಸ್ನೇರನ್ನು ಗೋಣಿಯಲ್ಲಿ ಕಟ್ಟಿ ಕೊಟ್ಟರು,
ಜೊತೆಗೆ ಕೊಕಮ್ಮಿನ ಪೊಟ್ಟಣ.

ಈಗ ವಡಾಲದ ಕನ್ನಡ ಶಾಲೆಯ ಟೆರೇಸು, ಶನಿವಾರ ನಾಲ್ಕಕ್ಕೆ.
ನಾಲ್ಕಾಣೆ ಚಲಾವಣೆಯಲ್ಲಿಲ್ಲ, ಪಟ್ಟಿ ಮೂರು ಸಲ ಬದಲಾಗಿದೆ.
ತುಕಾರಾಮ ಪೂಜಾರಿಯ ಮೊಮ್ಮಗ ದಿಗಂತ, ಒಂಬತ್ತು ವರ್ಷ,
ಫೋನಿನಲ್ಲಿ ಎಂಥದೋ ಒತ್ತುತ್ತಾನೆ, ಒಂದೇ ಬೆರಳಲ್ಲಿ.
ತಟ್ಟನೆ ನಿಲ್ಲಿಸಿ, ಸ್ನೇರನ್ನು ನೋಡಿ, ನನ್ನನ್ನು ನೋಡಿ,
ಟೀಚರ್, ಇದರೊಳಗೂ ದುಡ್ಡು ಇದೆ.

ಕೆಳಗೆ ಹಾರ್ಬರ್ ಲೈನಿನ ಗಾಡಿ ಹೋಯಿತು.
ಹೋಗಲಿ ಅಂತ ಕಾದೆ.
ಫೋನು ಇಡೋ, ಅಂದೆ. ದಿಂಬು ತಗೋ.